ಹನ್ನೆರಡು ಫೋಟೋಗಳಲ್ಲೂ ಮಸುಕಾದವಳು

“ಇವೆಲ್ಲ ಕೆಟ್ಟುಹೋಗಿರೋ ಫೋಟೋಗಳು. ನಾನು ಪ್ರಿಂಟ್ ಹಾಕಲ್ಲ!”

ಅಕ್ಕನ ಫೋಟೋ ಲ್ಯಾಬಿನಲ್ಲಿ ಪ್ರಿಂಟ್ ಹಾಕುವ ಕೆಲಸ ಅವಳದು. ಕೌಂಟರಿನಾಚೆ ನಿಂತಿದ್ದ ಫೋಟೋಗ್ರಾಫರ್ ನಕ್ಕುಬಿಟ್ಟ.

“ಸ್ವಲ್ಪ ಸರಿಯಾಗಿ ನೋಡಿ ಮೇಡಂ.”

ನೋಡಿದಳು. ಬಸ್ ನಿಲ್ದಾಣದ ಜನಜಂಗುಳಿಯೆಲ್ಲ ಬಣ್ಣಬಣ್ಣವಾಗಿ ಕರಗಿಹೋಗಿತ್ತು. ಅದರ ನಡುವೆ ಒಬ್ಬ ಅಜ್ಜಿಯ ಬೆರಳಲ್ಲಿದ್ದ ಸೂಜಿ ಮಾತ್ರ... ಅಬ್ಬಾ, ಎಷ್ಟು ಸ್ಪಷ್ಟ!

ಅವನು ಲೆನ್ಸ್ ತೋರಿಸಿದ. ಅದರ ಮೂತಿ ಮೆತ್ತನೆಯ ಕೊಳವೆಯಂತೆ ಬಾಗುತ್ತಿತ್ತು.

“ಕೈಯಲ್ಲೇ ಹಿಸುಕಿ, ಬಗ್ಗಿಸಿ, ಉಸಿರು ಹಿಡಿದು ಕ್ಲಿಕ್ ಮಾಡ್ಬೇಕು. ಯಾವುದು ಬೇಕೋ ಅದೊಂದೇ ಸ್ಪಷ್ಟ. ಮಿಕ್ಕಿದ್ದೆಲ್ಲ ಮಸುಕು.”

ಅಂದಿನಿಂದ ಅವನು ವಾರಕ್ಕೆರಡು ಸಲ ಬರತೊಡಗಿದ. ಅಕ್ಕ ಅವನಿಗೆ ‘ಮಬ್ಬುರಾಯ’ ಎಂದು ಹೆಸರಿಟ್ಟಳು. ಇವಳಿಗೋ, ಅವನ ದನಿ ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸವೇ ಮರೆತುಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವನು ಅಕ್ಕತಂಗಿಯರು ಕೆಲಸ ಮಾಡುತ್ತಿರುವ ಹನ್ನೆರಡು ಫೋಟೋ ತೆಗೆದ. ಮರುದಿನ ಅವಳೇ ಪ್ರಿಂಟ್ ಹಾಕಿ, ಭೂತಗನ್ನಡಿ ಹಿಡಿದು ಒಂದೊಂದನ್ನೂ ಪರೀಕ್ಷಿಸಿದಳು.

ಮೊದಲನೆಯದರಲ್ಲಿ ಅಕ್ಕನ ಕಿವಿ ಸ್ಪಷ್ಟ. ಎರಡನೆಯದರಲ್ಲಿ ಗೋಡೆಯ ಕ್ಯಾಲೆಂಡರ್. ಆಮೇಲೆ ಕಾಗದ ಕತ್ತರಿಸುವ ಯಂತ್ರದ ಹಿಡಿ... ನಡುವೆ ನಿಂತ ಅವಳು ಹನ್ನೆರಡರಲ್ಲೂ ಮಸುಕು!

‘ಯಾವುದು ಬೇಕೋ ಅದೊಂದೇ... ಹಾಗಾದ್ರೆ ನಾನು ಬೇಡ.’

ಅವನು ಬಂದಾಗ ಅವಳು ತಲೆಯೆತ್ತಲಿಲ್ಲ.

“ತಗೊಳ್ಳಿ. ಇನ್ಮೇಲೆ ಬೇರೆ ಲ್ಯಾಬ್ ನೋಡ್ಕೊಳ್ಳಿ.”

“ಯಾಕೆ? ಏನಾಯ್ತು?”

“ಕ್ಯಾಲೆಂಡರಿಗಿರೋ ಬೆಲೆ ನನಗಿಲ್ಲ ಅಂತ ಗೊತ್ತಾಯ್ತು.”

ಪ್ರಿಂಟುಗಳನ್ನು ನೋಡಿದ ಅವನ ಮುಖ ಕೆಂಪೇರಿತು. “ಅಯ್ಯೋ... ಹನ್ನೆರಡರಲ್ಲೂ ನಿಮ್ಮ ಕಣ್ಣಿಗೇ ಗುರಿಯಿಟ್ಟಿದ್ದೆ!”

“ಸುಳ್ಳು! ಅಷ್ಟು ಜನರ ಮಧ್ಯೆ ಸೂಜಿ ಸಿಗುತ್ತೆ, ನಾಲ್ಕಡಿ ದೂರದಲ್ಲಿ ನಾನು ಸಿಗಲ್ವಾ?”

“ಸೂಜಿ ನೋಡಿದ್ರೆ ಕೈ ನಡುಗಲ್ವಲ್ಲ! ನೀವು ನನ್ನ ಕಡೆ ನೋಡಿದ ತಕ್ಷಣ ಬೆರಳು ಜಾರುತ್ತೆ. ಏನು ಮಾಡ್ಲಿ?”

ಅವಳು ಪ್ರಿಂಟುಗಳನ್ನು ಸಾಲಾಗಿ ಹರಡಿದಳು. ಕಿವಿ ಅವಳ ಎಡಕ್ಕೆ, ಹಿಡಿ ಬಲಕ್ಕೆ, ಕ್ಯಾಲೆಂಡರ್ ಅವಳ ತಲೆಯ ಮೇಲೆಯೇ... ಹನ್ನೆರಡೂ ಗುರಿ ತಪ್ಪಿದ್ದವು. ಆದರೆ ಹನ್ನೆರಡೂ ಅವಳ ಸುತ್ತಲೇ ಬಿದ್ದಿದ್ದವು!

“ಏನಪ್ಪಾ ಮಬ್ಬುರಾಯ,” ಒಳಗಿನಿಂದ ಅಕ್ಕ ಕೂಗಿದಳು, “ಬಾಯಿಬಿಟ್ಟು ಹೇಳೋದಕ್ಕೂ ಲೆನ್ಸ್ ಬೇಕಾ?”

ಅವನು ಕ್ಯಾಮೆರಾ ಕೆಳಗಿಟ್ಟ.

“ನಿಮ್ಮನ್ನ ಪ್ರೀತಿಸ್ತೀನಿ. ತುಂಬಾ.”

ಅವಳು ಕೌಂಟರು ದಾಟಿ ಬಂದು ಅವನ ಬೆರಳುಗಳನ್ನು ತನ್ನ ಅಂಗೈಯೊಳಗೆ ಮುಚ್ಚಿಕೊಂಡಳು.

“ಈಗ ನಡುಗ್ತಿರೋದು ಯಾರ ಕೈ?” ಅವನು ಮೆಲ್ಲನೆ ಕೇಳಿದ.

“ಇಬ್ರದೂ...” ಅವಳು ನಕ್ಕಳು. “ಬಿಡಬೇಡಿ!”