ಮೀನುಗಳ ಮೇಲೆ ಕವಿದ ಮಂಜು

ಧಡ್!

ಮಾಳಿಗೆಯ ಮೇಲೆ ಬಿದ್ದ ಆ ಏಟಿಗೆ ಅವಳ ಕೈ ನಡುಗಿತು. ನೇರವಾಗಿ ಒಡೆಯಬೇಕಿದ್ದ ಗಾಜು ಗೀಟು ಬಿಟ್ಟು ಅಡ್ಡಾದಿಡ್ಡಿ ಸೀಳಿಕೊಂಡಿತು. ತೋರುಬೆರಳ ತುದಿಯಲ್ಲಿ ಸಣ್ಣಗೆ ರಕ್ತ ಜಿನುಗಿತು.

ಗಾಯ ದೊಡ್ಡದೇನಲ್ಲ. ಆದರೆ ಅಪ್ಪನ ಕೈ ಕೂಡ ಇಂಥದ್ದೇ ಒಂದು ಕ್ಷಣದಲ್ಲಿ ಹೋಗಿದ್ದು. ಅಂದು ಗಾಜಿನ ಹಾಳೆಯ ಇನ್ನೊಂದು ತುದಿ ಹಿಡಿದಿದ್ದವಳು ಅವಳೇ. ಅಂದಿನಿಂದ ಅಪ್ಪನ ಬೆರಳುಗಳು ಮಡಚಿಕೊಳ್ಳಲಿಲ್ಲ, ಅವಳ ಭಯ ಬಿಡಲಿಲ್ಲ. ಗಾಜಿನಂಗಡಿ ಮಾತ್ರ ಅವಳ ಹೆಗಲಿಗೆ ಬಂತು.

ಅವಳು ದಡದಡನೆ ಮೆಟ್ಟಿಲು ಹತ್ತಿದಳು. ಮೇಲಿನ ಕೋಣೆಗೆ ಹೊಸದಾಗಿ ಬಂದಿದ್ದ ಬಡಗಿ ಉಳಿ, ಕೊಡತಿ ಹಿಡಿದು ನೆಲದ ಮೇಲೆ ಕೂತಿದ್ದ.

"ಏನ್ರೀ ಇದು? ಕೆಳಗೆ ಗಾಜು ಕತ್ತರಿಸ್ತಾರೆ ಅನ್ನೋ ಜ್ಞಾನ ಬೇಡ್ವಾ?"

"ಮೇಲೆ ಮರ ಕೆತ್ತುತ್ತಾರೆ ಅಂತ ನಿಮಗೆ ಗೊತ್ತಿತ್ತಾ?" ಎಂದವನು ಅವಳ ಬೆರಳು ನೋಡಿ ಬಿಳಿಚಿಕೊಂಡ. "ಅಯ್ಯೋ... ರಕ್ತ! ನನ್ನಿಂದಾನಾ?"

ಕೊಡತಿ ಕೈಯಿಂದ ಜಾರಿ ಅವನ ಕಾಲ ಮೇಲೆಯೇ ಬಿತ್ತು. ಅವನು ಒಂಟಿಕಾಲಲ್ಲಿ ಕುಣಿದ.

ಬೈಯಲು ಬಂದವಳಿಗೆ ನಗು ತಡೆಯಲಾಗಲಿಲ್ಲ. ಛೇ, ಜಗಳಕ್ಕೆ ಬಂದು ನಗೋದಾ!

ಜಗಳವನ್ನು ಅಪ್ಪನೇ ಬಗೆಹರಿಸಿದ. "ಒಂದು ಕೋಲು ಇಟ್ಕೋ ಪುಟ್ಟಿ. ಗಾಜು ಕೊಯ್ಯೋ ಮುಂಚೆ ಮೇಲಕ್ಕೆ ಒಂದು ಸಲ ಕುಟ್ಟು, ಮೇಸ್ತ್ರಿ ನಿಲ್ಲಿಸ್ತಾರೆ. ಕೆಲಸ ಮುಗಿದ್ಮೇಲೆ ಎರಡು ಸಲ ಕುಟ್ಟು."

ಹಾಗೆಯೇ ನಡೆಯಿತು. ಅವಳು ಕುಟ್ಟಿದರೆ ಮೇಲೆ ಮೌನ. ಆ ಮೌನದಲ್ಲಿ ಅವಳ ಗೀಟು ನೇರವಾಗಿ ಹೋಗುತ್ತಿತ್ತು. ತನಗಾಗಿ ಒಬ್ಬರು ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ ಎನ್ನುವುದು ಅವಳಿಗೆ ಹೊಸತು. ಕೆಲವು ದಿನ ಗಾಜಿಲ್ಲದಿದ್ದರೂ ಕುಟ್ಟಿದಳು. ದೇವರೇ, ಅವನಿಗೆ ಗೊತ್ತಾಗದಿದ್ದರೆ ಸಾಕು!

ಒಂದು ಮಧ್ಯಾಹ್ನ ಅವನೇ ಕೆಳಗಿಳಿದು ಬಂದ. "ಒಂದು ಸಣ್ಣ ಮೇಜಿಗೆ ಗಾಜು ಬೇಕಿತ್ತು. ಬಂದು ಅಳತೆ ತಗೋತೀರಾ?"

ಮೇಜು ಮೊಣಕಾಲೆತ್ತರವಿತ್ತು. ಅದರ ಹಲಗೆಯಲ್ಲಿ ಒಂದು ಕೊಳದ ತಳವನ್ನೇ ಕೆತ್ತಿದ್ದ. ಬೆಣಚುಕಲ್ಲುಗಳು, ಬಾಗಿದ ಜೊಂಡು, ನಡುವೆ ನುಸುಳುವ ಮೀನುಗಳು. ಸುತ್ತ ಒಂದು ಅಂಚು, ಅಂಚಿನ ಒಳಗೆ ಗಾಜು ಕೂರಲು ಮೆಟ್ಟಿಲಿನಂತೆ ಕೊರೆದ ಸಣ್ಣ ಮೆಟ್ಟು.

"ನಿಮ್ಮ ಗಾಜೇ ಇದಕ್ಕೆ ನೀರು" ಎಂದ.

ಅವಳು ಬಾಗಿ ಮೀನೊಂದರ ಮೇಲೆ ಬೆರಳಾಡಿಸಿದಳು. ಆಮೇಲೆ ಅಂಚಿನ ಮೇಲೆ ಅಳತೆಪಟ್ಟಿ ಅಡ್ಡ ಇಟ್ಟಳು. "ಈ ಮೀನಿನ ಬೆನ್ನು ಎತ್ತರ ಆಯ್ತು. ಗಾಜಿಗೆ ತಗುಲುತ್ತೆ. ಯಾರಾದ್ರೂ ಮೇಲೆ ಲೋಟ ಕುಕ್ಕಿದ್ರೆ ಅಲ್ಲಿಂದಾನೇ ಬಿರುಕು ಬಿಡುತ್ತೆ."

"ಹಾಗಾದ್ರೆ ಅದಕ್ಕೆ ಸ್ವಲ್ಪ ತಗ್ಗಿಬಗ್ಗಿ ನಡೆಯೋದು ಕಲಿಸ್ತೀನಿ."

"ಯಾರಿಗೆ ಮಾಡ್ತಿದೀರಿ ಇದನ್ನ?"

"ದೊಡ್ಡ ಊರಿನ ಪೀಠೋಪಕರಣ ಕಾರ್ಖಾನೆಯವರು ಮಾದರಿ ನೋಡೋಕೆ ಬರ್ತಾರೆ. ಒಪ್ಪಿದ್ರೆ ಅಲ್ಲೇ ಕೆತ್ತನೆ ವಿಭಾಗ ನನಗೆ. ಅಲ್ಲೇ ಮನೆ ಕೊಡ್ತಾರಂತೆ."

ಅಲ್ಲೇ... ಅಳತೆಪಟ್ಟಿ ಅವಳ ಕೈಯಿಂದ ಸರ್ರನೆ ಒಳಗೆ ಸುತ್ತಿಕೊಂಡಿತು.

ಗಾಜು ಕತ್ತರಿಸಿದಳು. ಅಂಚು ಉಜ್ಜಿದಳು. ಎದೆಗೊತ್ತಿಕೊಂಡು ಒಬ್ಬಳೇ ಮೆಟ್ಟಿಲು ಹತ್ತಿದಳು. ಪ್ರತಿ ಹೆಜ್ಜೆಗೂ ಕಾಲು ತಡವರಿಸುತ್ತಿತ್ತು. ಆಗಲೇ ಆ ಯೋಚನೆ ಬಂದದ್ದು. *ಈ ಮೇಜು ಕೆಟ್ಟುಹೋಗಲಿ... ಅವರು ಒಪ್ಪದೆ ಇರಲಿ...*

ಥೂ! ಎಂಥ ಮನಸ್ಸು ನನ್ನದು!

"ಎಣ್ಣೆ ಚೆನ್ನಾಗಿ ಒಣಗಿದೆಯಾ?" ಬಾಗಿಲಲ್ಲೇ ಕೇಳಿದಳು. ಮರಕ್ಕೆ ಹಚ್ಚಿದ ಎಣ್ಣೆ ಹಸಿಯಿದ್ದರೆ ಗಾಜಿನಿಂದ ಮುಚ್ಚಬಾರದು. ಅದು ಇಬ್ಬರಿಗೂ ಗೊತ್ತು.

ಅವನು ಅವಳ ಬೆವೆತ ಮುಖ ನೋಡಿದ. ನಡುಗುವ ತೋಳು ನೋಡಿದ.

"...ಒಣಗಿದೆ. ಇಡಿ."

ಗಾಜು ಮೆಟ್ಟಿನ ಮೇಲೆ ಸರಿಯಾಗಿ ಕೂತಿತು. ಮೀನುಗಳು ನೀರಿಗಿಳಿದಂತಾಯಿತು.

ಕಾರ್ಖಾನೆಯವರು ಬರುವ ಹಿಂದಿನ ದಿನ ಅವಳು ಗಾಜು ಒರೆಸಿಕೊಡಲು ಮೇಲೆ ಹೋದಳು. ಅವನಿರಲಿಲ್ಲ. ಮೇಜಿನ ಬಳಿ ಬಂದು ಬಾಗಿದಳು.

ಕೊಳದ ಮೇಲೆ ಬಿಳಿ ಮಂಜು ಕವಿದಿತ್ತು! ಮೀನುಗಳು ಕಾಣುತ್ತಲೇ ಇರಲಿಲ್ಲ. ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಮಂಜು ಒಳಗಡೆಯಿತ್ತು.

ಹಳೇ ಗಾಜು... ಕಪಾಟಿನ ತಳದಲ್ಲಿದ್ದ ತೇವ ತಗುಲಿದ ಗಾಜೇ ಇರಬೇಕು... ಇಲ್ಲ, ಅದಕ್ಕಿಂತ ಹೆಚ್ಚಾಗಿ ನನ್ನ ಹಾಳು ಬಯಕೆ! ನಾನು ಕೇಳಿಕೊಂಡದ್ದೇ ಆಯ್ತಲ್ಲ!

ಅವಳು ಓಡಿಬಂದು ಅಂಗಡಿಯ ಮೂಲೆಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಮೇಲೆ ಹೆಜ್ಜೆ ಸಪ್ಪಳ ಕೇಳಿತು. ನಡೆಯಿತು... ನಿಂತಿತು... ಆಮೇಲೆ ಏನೂ ಇಲ್ಲ. ಅವನು ಕೆಳಗಿಳಿದು ಅಂಗಡಿಯ ಬಾಗಿಲವರೆಗೆ ಬಂದ. ಅವಳನ್ನೇ ನೋಡಿದ. ಒಂದು ಮಾತೂ ಆಡದೆ ಹಿಂದಿರುಗಿದ.

ತಿಳಿದುಹೋಯ್ತು ಅವನಿಗೆ. ಬೇಕೆಂದೇ ಕೆಟ್ಟ ಗಾಜು ಕೊಟ್ಟೆ ಅಂದುಕೊಂಡಿದ್ದಾನೆ!

"ಏನೇ, ದೆವ್ವ ಕಂಡವಳ ಹಾಗೆ ಕೂತಿದೀಯ?" ಅಪ್ಪ ಕೇಳಿದ. ಎಲ್ಲವನ್ನೂ ಹೇಳಿದಳು. ಆ ಬಯಕೆಯನ್ನೂ.

ಅಪ್ಪ ಗಲ್ಲ ಕೆರೆದುಕೊಂಡ. "ಮನಸ್ಸಲ್ಲಿ ಅಂದ್ಕೊಂಡ್ರೆ ಗಾಜು ಕೆಡೋ ಹಾಗಿದ್ರೆ, ಬಾಕಿ ಉಳಿಸ್ಕೊಂಡೋರ ಮನೆ ಕಿಟಕಿ ಒಂದೂ ಉಳೀತಿರ್ಲಿಲ್ಲ ಕಣೇ, ನಾನೇ ಒಡೆದು ಹಾಕಿರ್ತಿದ್ದೆ!" ಆಮೇಲೆ ದನಿ ತಗ್ಗಿಸಿದ. "ನನ್ನ ಕೈ ಹೋದದ್ದೂ ನಿನ್ನಿಂದ ಅಂತ ಒಳಗೊಳಗೇ ಕೊರಗ್ತೀಯ. ನಾನು ಅವತ್ತು ಕೈಗವಸು ಹಾಕಿರ್ಲಿಲ್ಲ. ಅಷ್ಟೇ. ಹೋಗು, ಕೇಳಿ ಬಾ."

ಗಾಜಿಗೆ ಅಂಟಿಸಿ ಎತ್ತುವ ರಬ್ಬರಿನ ಬಟ್ಟಲುಗಳನ್ನೂ ಎರಡು ಜೊತೆ ಕೈಗವಸನ್ನೂ ಹಿಡಿದು ಅವಳು ಮೇಲೆ ಹೋದಳು. ಅವನು ಮೇಜಿನ ಪಕ್ಕ ತಲೆಗೆ ಕೈಹೊತ್ತು ಕೂತಿದ್ದ.

"ನನ್ನ ತಪ್ಪು" ಎಂದಳು.

"ನನ್ನ ತಪ್ಪು" ಎಂದ ಅವನೂ, ಅದೇ ಉಸಿರಿನಲ್ಲಿ.

"ಮೊದಲು ನನ್ನ ಮಾತು ಕೇಳಿ! ಗಾಜು ತರುವಾಗ ಮೇಜು ಕೆಡಲಿ ಅಂದ್ಕೊಂಡೆ. ನಿಮಗೆ ಕೆಲಸ ಸಿಗದಿರ್ಲಿ ಅಂತ... ಬೇಕಿದ್ರೆ ಬೈಯ್ರಿ!"

"ಎಣ್ಣೆ ಒಣಗಿರ್ಲಿಲ್ಲ ಕಣ್ರೀ, ಅದರ ಆವಿನೇ ಗಾಜಿಗೆ ಕಟ್ಟಿದೆ" ಎಂದ ಅವನು. "ನೀವು ಗಾಜು ತರೋ ಹಿಂದಿನ ಸಂಜೆ ಇನ್ನೊಂದು ಕೈ ಹಚ್ಚಿದ್ದೆ. ನೀವು ಅಷ್ಟು ಹೆದರ್ಕೊಂಡು ಗಾಜು ಹೊತ್ಕೊಂಡು ಮೆಟ್ಟಿಲು ಹತ್ತಿ ಬಂದ್ರಿ. ವಾಪಸ್ ಹೊತ್ಕೊಂಡು ಹೋಗಿ ಅನ್ನೋಕೆ ಬಾಯೇ ಬರ್ಲಿಲ್ಲ. ಸುಳ್ಳು ಹೇಳ್ಬಿಟ್ಟೆ. ಇವತ್ತು ಮಂಜು ಕಂಡ ತಕ್ಷಣ ಹೇಳೋಣ ಅಂತ ಕೆಳಗೆ ಬಂದೆ. ನಿಮ್ಮ ಮುಖ ನೋಡಿ ಅದೂ ಆಗ್ಲಿಲ್ಲ."

"ಗಾಜು ಇಡೋಕೆ ಇಲ್ಲಿ ಗೋಡೆ ಇರ್ಲಿಲ್ವೇನ್ರೀ? ಒರಗಿಸಿಡಿ ಅನ್ಬಹುದಿತ್ತಲ್ಲ!"

ಅವನು ಗೋಡೆ ನೋಡಿದ. ಆಗ ತಾನೇ ಕಂಡವನಂತೆ.

ಒಬ್ಬಳಿಂದ ಎತ್ತಲಾಗದಂತೆ ಗಾಜು ಮೆಟ್ಟಿಗೆ ಅಂಟಿತ್ತು. ಅಪ್ಪನ ಕೈ ಹೋದ ಮೇಲೆ ಅವಳು ಯಾರನ್ನೂ ಇನ್ನೊಂದು ತುದಿ ಹಿಡಿಯಲು ಬಿಟ್ಟಿರಲಿಲ್ಲ. ಆದರೂ ಕೈಗವಸು ಚಾಚಿದಳು. "ಹಾಕ್ಕೊಳ್ಳಿ. ನಾನು ಹೇಳಿದಾಗ ಮಾತ್ರ ಎತ್ತಬೇಕು. ಬೆರಳು ಅಂಚಿಗೆ ತಗುಲಬಾರದು. ದಯವಿಟ್ಟು..."

"ನೀವು ಹೇಳಿದ ಹಾಗೆ."

ಗಾಜು ಕಿರ್ರೆಂದಿತು. ಅವಳು ಕಣ್ಣು ಮುಚ್ಚಲಿಲ್ಲ. ಮುಚ್ಚಲು ಧೈರ್ಯವಿರಲಿಲ್ಲ. ಮೆಲ್ಲಗೆ, ಕೂದಲೆಳೆಯಷ್ಟು ಮೆಲ್ಲಗೆ ಅದು ಮೇಲೆದ್ದು ಬಂತು. ಒಳಮೈಯಲ್ಲಿ ಜಿಡ್ಡು, ಹಸಿ ಎಣ್ಣೆಯ ವಾಸನೆ. ಇಬ್ಬರೂ ಅದನ್ನು ಗೋಡೆಗೆ ಒರಗಿಸಿದರು. ಕೈಗವಸಿನ ಮೇಲಿಂದಲೇ ಅವಳು ಅವನ ಒಂದೊಂದೇ ಬೆರಳು ಮುಟ್ಟಿ ನೋಡಿದಳು. ಎಲ್ಲವೂ ಸರಿಯಾಗಿದ್ದವು. ಆಗ ಅಳು ಬಂತು.

"ನಾಳೆ ಗಾಜಿಲ್ಲದೆ ತೋರಿಸ್ತೀನಿ" ಎಂದ ಅವನು ಮೆಲ್ಲಗೆ. "ಎಣ್ಣೆ ಒಣಗಿಲ್ಲ ಅಂತ ಇದ್ದದ್ದನ್ನೇ ಹೇಳ್ತೀನಿ."

"ಒಪ್ಕೋತಾರೆ. ಇಷ್ಟು ಚೆಂದ ಇದೆ, ಒಪ್ಪದೆ ಏನು." ಅವಳು ಕಣ್ಣೊರೆಸಿಕೊಂಡಳು. ಇನ್ನು ಮನಸ್ಸಿನೊಳಗೇ ಬಯಸುತ್ತಾ ಸಾಯಲಾರೆ. "ಆದ್ರೆ... ನೀನು ಹೋಗ್ಬೇಡ."

ಆ 'ನೀನು' ಇಬ್ಬರನ್ನೂ ಬೆಚ್ಚಿಬೀಳಿಸಿತು.

"ಇನ್ನೊಂದು ಕೈ ಎಣ್ಣೆ ಯಾಕೆ ಹಚ್ಚಿದೆ ಅಂತ ನಿಂಗೆ ಗೊತ್ತಾ?" ಅವನೂ ಏಕವಚನಕ್ಕಿಳಿದ. "ಬೇಕಿರ್ಲಿಲ್ಲ. ಕೆಲಸ ಮುಗಿದ್ರೆ ಹೊರಡ್ಬೇಕಲ್ಲ ಅಂತ ಹಚ್ಚಿದೆ. ಮೇಜು ಬೇಕಿದ್ರೆ ಇಲ್ಲಿಂದಾನೇ ಮಾಡಿ ಕಳಿಸ್ತೀನಿ, ನಾನು ಬರಲ್ಲ ಅಂತೀನಿ ಅವರಿಗೆ."

"ಅವರು ಒಪ್ಪದಿದ್ರೆ?"

"ಹೊಟ್ಟೆಪಾಡಿಗೆ ಏನಾದ್ರೂ ಮಾಡೋಣ. ನಿಮ್ಮಪ್ಪನ ಅಂಗಡೀಲಿ ಗಾಜು ಒರೆಸ್ತೀನಿ."

"ಅಪ್ಪ ನಿನ್ನನ್ನ ಒಳಗೆ ಬಿಡಲ್ಲ. ಗೋಡೆ ಕಾಣದವನು!"

ಅವನು ನಕ್ಕು ಕೈಗವಸು ಕಳಚಿದ. ಅವಳೂ ಕಳಚಿದಳು. ಅವಳು ಹಿಡಿದ ಅವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು.

"ನಂಗೆ ತುಂಬಾ ಭಯ ಆಗ್ತಿದೆ ಕಣೋ" ಎಂದಳು.

"ನಂಗೇನು ಕಡಿಮೆ ಆಗ್ತಿದ್ಯಾ?"

"ಮತ್ತೆ?"

"ಮತ್ತೇನು... ಕೈ ಬಿಡಬೇಡ, ಅಷ್ಟೇ."