ಇನ್ನೂ ಹೋಗದ ಹೆಬ್ಬಾತು

ಅಷ್ಟು ಪದ್ಯಗಳಿದ್ದರೂ ತೊಕುಜಿ ಅವಳದ್ದನ್ನೇ ಆರಿಸಬೇಕೆ? ಮಿಸಾವೊ ತಲೆ ತಗ್ಗಿಸಿ, ಆರಿದ ಚಹಾದ ಬಟ್ಟಲನ್ನು ಸುಮ್ಮನೆ ತಿರುಗಿಸುತ್ತ ಕುಳಿತಳು.

ಇಜುನುಮಾ ಸರೋವರದ ಪಕ್ಕದ ಆ ಊರಿನಲ್ಲಿ, ತೋಫು ಅಂಗಡಿಯ ಮಹಡಿಯ ಮೇಲೆ, ತಿಂಗಳಿಗೊಮ್ಮೆ ಏಳು ಜನ ಸೇರಿ ಹೈಕು ಬರೆಯುತ್ತಿದ್ದರು. ಚೀಟಿಯಲ್ಲಿ ಹೆಸರಿರುವಂತಿಲ್ಲ. ಅಕ್ಷರದ ಗುರುತು ಸಿಗಬಾರದೆಂದು ಒಬ್ಬರದನ್ನು ಇನ್ನೊಬ್ಬರು ನಕಲು ಮಾಡುತ್ತಿದ್ದರು. ಆಮೇಲೆ ಪ್ರತಿಯೊಬ್ಬರೂ ಹಿಡಿಸಿದ ಒಂದನ್ನು ಆರಿಸಿ ಗಟ್ಟಿಯಾಗಿ ಓದಬೇಕು. ಓದಿದ ಕೂಡಲೇ ಬರೆದವರು ಹೆಸರು ಹೇಳಬೇಕು. ಎಂಬತ್ತು ದಾಟಿದ ಯಾಸು ಟೀಚರ್ ಇದಕ್ಕೆ ಇನ್ನೊಂದು ಕಟ್ಟಳೆ ಸೇರಿಸಿದ್ದರು: ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು.

"ಮೂರು ವರ್ಷದಿಂದ ನೋಡ್ತಿದೀನಿ," ಎಂದರು ಟೀಚರ್, ತೊಕುಜಿ ಮತ್ತು ಮಿಸಾವೊ ಇಬ್ಬರತ್ತ ನೋಡಿ, "ಹೆಸರಿಲ್ಲದಿದ್ರೂ ಇವನು ಇವಳದ್ದನ್ನ, ಇವಳು ಇವನದ್ದನ್ನ ಆರಿಸ್ತಾರೆ. ಮೂಸಿ ನೋಡ್ತೀರೇನ್ರಪ್ಪಾ?"

ಎಲ್ಲರೂ ನಕ್ಕರು. ಮಿಸಾವೊಗೆ ಮಾತ್ರ ನಗು ಬರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಊರವರ ಕಣ್ಣನ್ನೆಲ್ಲ ಪರೀಕ್ಷಿಸುವ ಅವಳಿಗೆ ತೊಕುಜಿಯ ಕಣ್ಣನ್ನು ನೇರ ನೋಡುವ ಧೈರ್ಯ ಈ ಮೂರು ವರ್ಷದಲ್ಲಿ ಬಂದಿರಲಿಲ್ಲ. ಈಗ ಕಾಲ ಮಿಂಚಿತ್ತು. ದೂರದ ಹಾಕೊದಾತೆ ಬಂದರಿನಲ್ಲಿ ಅಣ್ಣನ ದೋಣಿ ರಿಪೇರಿ ಕೆಲಸಕ್ಕೆ ಅವನು ಗುರುವಾರ ಹೊರಡುವವನಿದ್ದ. ಅವನ ಸೈಕಲ್ ಅಂಗಡಿಗೆ ಆಗಲೇ ಬೀಗ ಬಿದ್ದಿತ್ತು.

ತೊಕುಜಿ ಗಂಟಲು ಸರಿಮಾಡಿಕೊಂಡು ಓದಿದ.

"ಹೆಬ್ಬಾತು ಹೋಯ್ತು
ಕರೆಯದೆ ನಿಂತಿದ್ದೆ
ದಡದ ಮೇಲೆ"

ಬರೆದವರು ಹೆಸರು ಹೇಳಬೇಕಾದ ಹೊತ್ತು. ಯಾರೂ ಹೇಳಲಿಲ್ಲ. ಹೆಸರು ಹೇಳಿದರೆ ಕಥೆಯೇ ಬಯಲಾಗುತ್ತದೆ. ಮಿಸಾವೊ ಮತ್ತೆ ಬಟ್ಟಲು ತಿರುಗಿಸಿದಳು.

"ಯಾರದ್ರೀ ಇದು ಅನಾಥ ಮಗು?" ಎಂದರು ಟೀಚರ್. "ಇರ್ಲಿ. ತೊಕುಜಿ, ಯಾಕೆ ಆರಿಸಿದೆ ಹೇಳು."

"ಇದ್ರಲ್ಲೊಂದು ತಪ್ಪಿದೆ ಟೀಚರ್."

ಮಿಸಾವೊ ತಟ್ಟನೆ ತಲೆಯೆತ್ತಿದಳು.

"ಚಳಿಗಾಲಕ್ಕೆ ಬಂದ ಹೆಬ್ಬಾತುಗಳು ಇನ್ನೂ ಹೋಗಿಲ್ಲ," ಎಂದ ತೊಕುಜಿ, ಚೀಟಿಯ ಮೇಲಿಂದ ಕಣ್ಣು ತೆಗೆಯದೆ. "ಇವತ್ತು ಬೆಳಿಗ್ಗೇನೂ ಸರೋವರದ ತುಂಬ ಇದ್ವು. ಬರೆದವರು ಕಂಡು ಬರೆದಿಲ್ಲ. ಹೋಗಿಬಿಟ್ವು ಅಂತ ಮೊದಲೇ ಅಂದ್ಕೊಂಡು ಬರೆದಿದ್ದಾರೆ."

"ಮತ್ತೆ ತಪ್ಪಿರೋ ಪದ್ಯಾನ ಯಾಕಯ್ಯಾ ಆರಿಸಿದೆ?"

ಅವನ ಕಿವಿ ಕೆಂಪಾಯಿತು. "ಇಷ್ಟು ಚೆನ್ನಾಗಿ ದುಃಖಪಟ್ಟಿದ್ದಾರಲ್ಲ, ಅದಕ್ಕೆ. ಅಷ್ಟೊಂದು ಬೇಸರ ಇದ್ರೆ ಒಂದ್ಸಲ ಕರೆದು ನೋಡಬಹುದಿತ್ತು. ಇನ್ನೂ ಹೊತ್ತಿತ್ತು."

ಆಗ ಅವನು ಅವಳನ್ನು ನೋಡಿದ. ಗೊತ್ತಿದ್ದು ನೋಡಿದನೋ, ಅವಳದೇ ಆಗಿರಲಿ ಎಂಬ ಆಸೆಯಿಂದ ನೋಡಿದನೋ, ಅವಳಿಗೆ ತಿಳಿಯಲಿಲ್ಲ. ಆ ನೋಟದಲ್ಲಿ ಅವನಿಗೂ ಹೆದರಿಕೆಯಿದ್ದದ್ದು ಮಾತ್ರ ಕಂಡಿತು. ತಾನೊಬ್ಬಳೇ ಪುಕ್ಕಲಿ ಎಂದುಕೊಂಡು ಮೂರು ವರ್ಷ ಕಳೆದಿದ್ದಳಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಮಿಸಾವೊ," ಎಂದಳು. ದನಿ ಒಡೆಯಿತು. ಇನ್ನೊಮ್ಮೆ ಹೇಳಿದಳು. "ಮಿಸಾವೊ. ಬರೆದವಳು ನಾನೇ. ತೊಕುಜಿಯವರೇ, ನೀವು ಹೋಗಬೇಡಿ."

ಉಳಿದವರೆಲ್ಲ ಇದ್ದಕ್ಕಿದ್ದಂತೆ ತಮ್ಮ ತಮ್ಮ ಕಾಗದಗಳನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು.

"ಹೆಸರೊಂದು ಹೇಳಿದ್ರೆ ಸಾಕಿತ್ತು ಕಣೇ," ಎಂದರು ಟೀಚರ್ ಮೆಲ್ಲಗೆ.

ತೊಕುಜಿ ಚೀಟಿಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟ.

"ಅಣ್ಣ ಬೈತಾನೆ," ಎಂದ ಕೊನೆಗೆ.

"ಬೈಯಲಿ," ಎಂದಳು ಮಿಸಾವೊ.

"ಹೂಂ," ಎಂದ ತೊಕುಜಿ. "ಬೈಸ್ಕೋತೀನಿ."