ಮೂರು ಸಲ ಮಿನುಗುವ ಕಾರ್ಡ್

ಒಟ್ಟಾವಾದ ನಮ್ಮ ಲ್ಯಾಬಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಜೊಸೆಟ್ ತನ್ನ ಮೇಜಿನಿಂದಲೇ ನನ್ನ ಸರ್ವರಿನ ನೆಟ್‌ವರ್ಕ್ ಕಾರ್ಡಿನ ದೀಪವನ್ನು ಮೂರು ಸಲ ಮಿನುಗಿಸುತ್ತಿದ್ದಳು. ಊಟಕ್ಕೆ ಬಾ ಎಂದು ಅರ್ಥ. ಅವಳು ತೀರಿಕೊಂಡು ಮಾರ್ಚ್‌ಗೆ ಒಂದು ವರ್ಷವಾಯಿತು.

ಈಗ ಆ ಕಾರ್ಡನ್ನು ಡೇಟಾವನ್ನು ವೇಗವಾಗಿ ಸಾಗಿಸುವ ನಮ್ಮ ಪ್ರೋಗ್ರಾಮಿನ ಡ್ರೈವರಿಗೆ, ಎಂದರೆ ಕಾರ್ಡನ್ನು ನಡೆಸುವ ತಂತ್ರಾಂಶಕ್ಕೆ, ಜೋಡಿಸಿದರೆ, ಹನ್ನೆರಡರ ಹೊತ್ತಿಗೆ ತಾನಾಗಿಯೇ ಹಳೆಯ ಡ್ರೈವರಿಗೆ ಮರಳಿರುತ್ತದೆ. ದೀಪ ಮಿನುಗಿಸಲು ಬರುವುದು ಹಳೆಯದಕ್ಕೆ ಮಾತ್ರ.

"ಹೊತ್ತಿಗೆ ಸರಿಯಾಗಿ ತಾನೇ ಓಡೋ ಅವಳ ಸ್ಕ್ರಿಪ್ಟ್ ಸರ್ವರಲ್ಲಿ ಎಲ್ಲೋ ಉಳ್ಕೊಂಡಿದೆ ಕಣೋ," ಎಂದು ಸಹೋದ್ಯೋಗಿ ಡಾರ್ಸಿ ನಕ್ಕ. "ದೆವ್ವಕ್ಕೆ ಯಾರು ಲಾಗಿನ್ ಕೊಡ್ತಾರೆ?"

ಸ್ಕ್ರಿಪ್ಟ್ ಇದ್ದರೆ ಹೋಗಲಿ ಎಂದು ನಾನು ಸರ್ವರಿನ ಡಿಸ್ಕನ್ನೇ ಬದಲಾಯಿಸಿದೆ. ಆದರೂ ಕಾರ್ಡ್ ಹಳೆಯ ಡ್ರೈವರಿಗೇ ಮರಳಿತು. ನಿನ್ನೆ ಬೆಳಿಗ್ಗೆ ಕಾರ್ಡನ್ನೇ ಕಿತ್ತು ಮೇಜಿನ ಮೇಲಿಟ್ಟೆ. ಅದಕ್ಕೆ ತಂತಿಯಿಲ್ಲ, ಕರೆಂಟಿಲ್ಲ.

ಹನ್ನೆರಡಕ್ಕೆ ದೀಪ ಮೂರು ಸಲ ಮಿನುಗಿತು. ಮುಟ್ಟಿದರೆ ಕಾರ್ಡ್ ಬೆಚ್ಚಗಿತ್ತು.

ಡಾರ್ಸಿ ನಗಲಿಲ್ಲ. "ಊಟಕ್ಕೆ ಹೋಗೋ ಮಾರಾಯ," ಎಂದ ಮೆಲ್ಲಗೆ, "ಕಾಯ್ತಿದಾಳೆ."